ಲಿಮಿಟೆಡ್ ಸ್ಲಿಪ್ ಮತ್ತು ಲಾಕಿಂಗ್ ಡಿಫರೆನ್ಷಿಯಲ್
ತಿರುವಿನಲ್ಲಿ ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅನುವು ಮಾಡುವ ಗಿಯರ್ ವ್ಯವಸ್ಥೆಯೇ ಡಿಫರೆನ್ಷಿಯಲ್. ಸಾಮಾನ್ಯ ಬಗೆಯಲ್ಲಿ ಎರಡೂ ಚಕ್ರಗಳಿಗೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಹೋಗುವುದರಿಂದ, ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಇನ್ನೊಂದಕ್ಕೂ ಸಾಕಷ್ಟು ಬಲ ಸಿಗದು. ಲಿಮಿಟೆಡ್ ಸ್ಲಿಪ್ ಬಗೆಯು ಕ್ಲಚ್ ಪ್ಲೇಟ್ ಇಲ್ಲವೆ ವಿಶೇಷ ಗಿಯರ್‌ಗಳ ಮೂಲಕ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುತ್ತದೆ. ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಈ ಬಗೆಯ ಪ್ರಯೋಜನ ಕುಗ್ಗುತ್ತದೆ. ಲಾಕಿಂಗ್ ಬಗೆಯು ಎರಡೂ ಚಕ್ರಗಳನ್ನು ಒಂದೇ ವೇಗಕ್ಕೆ ಬಿಗಿಯುತ್ತದೆ. ಫೋರ್ಸ್ ಗೂರ್ಖಾ ಎಂಬ ವಾಹನದಲ್ಲಿ ಹಿಂದೆ, ಮುಂದೆ ಎರಡೂ ಕಡೆ ಚಾಲಕನೇ ಹಾಕುವ ಲಾಕ್‌ಗಳಿವೆ. ಹೆದ್ದಾರಿ, ಮಣ್ಣುರಸ್ತೆಗಳ ಮಿಶ್ರ ಬಳಕೆಗೆ ಲಿಮಿಟೆಡ್ ಸ್ಲಿಪ್ ಸೂಕ್ತ. ಬಂಡೆ, ಆಳವಾದ ಕೊರಕಲುಗಳಿಗೆ ಲಾಕ್ ಬೇಕು. ಗಟ್ಟಿ ರಸ್ತೆಗೆ ಬಂದೊಡನೆ ಲಾಕ್ ಬಿಡಿಸಬೇಕು. ಇಲ್ಲವಾದರೆ ವಾಹನ ತಿರುಗಿಸುವುದು ಕಷ್ಟವಾಗಿ, ಟೈರು ಸವೆದು, ಆಕ್ಸಲ್‌ಗೂ ಪೆಟ್ಟಾಗಬಹುದು.