ಸೋರುವ ತೊಟ್ಟಿ ಮತ್ತು ಕೇಳದೆ ಉಳಿದ ಒಂದು ಹೆಸರು



ಕೆಲವು ದಿನಗಳ ಹಿಂದೆ ಬ್ರಹ್ಮಪುರದ ನಮ್ಮ ಮನೆಯ ಶೌಚಾಲಯದಲ್ಲಿ ನೀರು ಸೋರತೊಡಗಿತು. ಇತಿಹಾಸ ಕಲಿಸಿದ ಮಾಸ್ತರರಿಗೆ ನಲ್ಲಿಯ ಕೆಲಸವೇನು ತಿಳಿದೀತು ಎಂದು ನೀವು ನಗಬಹುದು. ಆದರೂ ಒಂದು ಪರೀಕ್ಷೆ ಮಾಡಿದೆ. ಫ್ಲಶ್ ತೊಟ್ಟಿಯ ನೀರಿಗೆ, ಶಿರಾಕ್ಕೆ ಹಾಕುವ ಕೇಸರಿ ಬಣ್ಣವನ್ನು ಬೆರೆಸಿ ಅರ್ಧ ಗಂಟೆ ಬಿಟ್ಟೆ. ಯಾರೂ ಗುಂಡಿ ಒತ್ತದಿದ್ದರೂ ಬಣ್ಣ ಕೆಳಗೆ ಇಳಿದಿತ್ತು. ದೋಷವಿದ್ದುದು ತೊಟ್ಟಿಯ ತಳದ ರಬ್ಬರ್ ವಾಷರಿನಲ್ಲಿ. ಬೋರ್‌ವೆಲ್ ನೀರಿನ ಬಿಳಿ ಪದರ ಅದರ ಮೇಲೆ ಗಟ್ಟಿಯಾಗಿ ಕುಳಿತಿತ್ತು. ನೀರು ನಿಲ್ಲಿಸಿ, ತೊಟ್ಟಿ ಬರಿದು ಮಾಡಿ, ಹೊಸ ವಾಷರ್ ಹಾಕಿದೆ. ಸದ್ದು ನಿಂತಿತು.

ಆದರೆ ನೆನಪು ನಿಲ್ಲಲಿಲ್ಲ.

ಕುಳಿತ ಸ್ಥಾನವನ್ನು ನೀರಿನಿಂದ ತೊಳೆಯುವ ವಿಚಾರ ಹಳೆಯದು. ಇಂಗ್ಲೆಂಡಿನ ಸರ್ ಜಾನ್ ಹ್ಯಾರಿಂಗ್ಟನ್ 1596ರಲ್ಲಿಯೇ ಅಂತಹ ಸಾಧನವನ್ನು ವರ್ಣಿಸಿದನು. ಆದರೆ ದುರ್ಗಂಧವನ್ನು ತಡೆಯುವ ಉಪಾಯಕ್ಕೆ ಹಕ್ಕುಪತ್ರ ದೊರೆತದ್ದು 1775ರಲ್ಲಿ, ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕನಿಗೆ. ಕೊಳವೆಯನ್ನು ಎಸ್ ಅಕ್ಷರದಂತೆ ಬಗ್ಗಿಸಿದರೆ ಆ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಲ್ಲುತ್ತದೆ. ಒಳಗಿನ ವಾಯು ಮೇಲೆ ಬರುವುದಿಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಇರುವುದು ಅದೇ ತತ್ತ್ವ.

ನಮ್ಮ ಭಾಗಕ್ಕೆ ಅದು ಬಂದದ್ದು ಬಹಳ ತಡವಾಗಿ. ನಮ್ಮ ಜಿಲ್ಲೆ ನಿಜಾಮರ ಸಂಸ್ಥಾನದಲ್ಲಿದ್ದಾಗ, 1908ರ ಮೂಸಿ ನದಿಯ ಪ್ರವಾಹದ ಬಳಿಕ ರಾಜಧಾನಿ ಹೈದರಾಬಾದಿಗೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಲಾಯಿತು. ಪ್ರವಾಹ ತಡೆಯುವುದರೊಂದಿಗೆ ಒಳಚರಂಡಿಯ ಯೋಜನೆಯನ್ನೂ ಅವರು ರೂಪಿಸಿದರು. ಇತ್ತ ಗುಲಬರ್ಗಾದಲ್ಲಿ, ನನ್ನ ಬಾಲ್ಯವಾದ 1960ರ ದಶಕದ ಕೊನೆಯಲ್ಲಿಯೂ, ನಮ್ಮ ಓಣಿಯ ಮನೆಗಳಲ್ಲಿದ್ದುದು ಒಣ ಸಂಡಾಸ. ಅದರ ಹಿಂಬದಿಗೆ ಸಣ್ಣ ಕಿಂಡಿ. ನಸುಕಿನಲ್ಲಿ ಒಬ್ಬಾಕೆ ಹಿತ್ತಲ ಸಂದಿಯಿಂದ ಬಂದು ಮಲವನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಹಬ್ಬದ ದಿನ ಹೋಳಿಗೆಯನ್ನು ನಮ್ಮ ಮನೆಯವರು ದೂರದಿಂದಲೇ ಆಕೆಯ ಸೆರಗಿಗೆ ಹಾಕುತ್ತಿದ್ದರು. ನಾನು ಅದನ್ನು ನೋಡುತ್ತ ನಿಂತಿರುತ್ತಿದ್ದೆ.

1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ. ಇನ್ನಷ್ಟು ಬಿಗಿಯಾದುದು 2013ರಲ್ಲಿ. ನಡುವೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ ಕನಿಷ್ಠ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಅಂದರೆ ಸಾವುಗಳು ಇನ್ನೂ ನಿಂತಿರಲಿಲ್ಲ.

1347ರಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡ ಅಲ್ಲಾವುದ್ದೀನ್ ಹಸನ್ ಬಹಮನ್ ಷಾನಿಂದ ಹಿಡಿದು ಬಹಮನಿ ಸುಲ್ತಾನರ ಹೆಸರುಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದವನು ನಾನು. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆದರೆ ವರ್ಷಗಟ್ಟಲೆ ನಮ್ಮ ಮನೆಯನ್ನು ಶುಚಿಯಾಗಿಟ್ಟ ಆ ತಾಯಿಯ ಹೆಸರನ್ನು ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಹೇಳುವವರಿಲ್ಲ. ಈ ಪರೀಕ್ಷೆಯಲ್ಲಿ ಬೆಂಚಿನ ಮೇಲೆ ನಿಲ್ಲಬೇಕಾದವನು ನಾನೇ.

ನಿಮ್ಮಲ್ಲಿ ಒಂದೇ ವಿನಂತಿ. ತೊಟ್ಟಿ ಸೋರಿದರೆ ವಾಷರನ್ನು ನೀವೇ ಬದಲಿಸಿರಿ, ಅದರಲ್ಲಿ ಅವಮಾನವಿಲ್ಲ. ಆದರೆ ಶೌಚದ ಗುಂಡಿ ತುಂಬಿದರೆ ಯಂತ್ರವನ್ನು ಕರೆಸಿರಿ, ಮನುಷ್ಯನನ್ನು ಇಳಿಸಬೇಡಿರಿ. ಯಂತ್ರ ತಂದವನ ಹೆಸರನ್ನು ಕೇಳಲು ಮರೆಯದಿರಿ.