ಎರಡು ವರದಿ, ಆರು ಕರಡು



ವಾಕಡದ ಹೈವೇ ಸೇತುವೆಯ ಹತ್ತಿರ ಸಂಜೆ ಏಳರ ಮೇಲೆ ನಿಂತರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಎಂದು ಬೋರ್ಡು ಹಾಕಿದ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಈ ರಸ್ತೆ ಅಂದರೆ ಊರಿಗೆ ಹೋಗುವ ದಾರಿ, ಅಷ್ಟೆ. ಒಮ್ಮೆ ನಕಾಶೆ ತೆಗೆದು ನೋಡಿ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಎಂದು ದಕ್ಷಿಣಕ್ಕೆ ಇಳಿಯುವ ಈ ರಸ್ತೆಯ ಬಲಗಡೆ ಬಹುದೂರದವರೆಗೆ ಸಹ್ಯಾದ್ರಿ ಜೊತೆಗೇ ಬರುತ್ತದೆ. ವಾಕಡದ ಪಕ್ಕ ಹರಿಯುವ ಮುಳಾ ನದಿಯೂ ಆ ಘಟ್ಟದ ಮಗಳೇ. ಮುಠೆಯನ್ನು ಕೂಡಿ, ಭೀಮೆಯನ್ನು ಸೇರಿ, ಗಾಣಗಾಪುರದ ಮುಂದೆ ಹಾಯ್ದು ಅವಳ ನೀರು ಕೊನೆಗೆ ಕೃಷ್ಣೆಗೆ ಸಲ್ಲುತ್ತದೆ. ಅಂದರೆ ನಾವು ಇಲ್ಲಿ ಪರವೂರಿನವರಾದರೂ ಘಟ್ಟದ ಲೆಕ್ಕದಲ್ಲಿ ಪರಕೀಯರಲ್ಲ.

ಹವಾಮಾನ ಬದಲಾವಣೆ ನಿಜವೋ ಸುಳ್ಳೋ, ವಿಜ್ಞಾನಿಗಳ ಮಾತನ್ನು ರಾಜಕಾರಣಿಗಳು ಏಕೆ ನಂಬುವುದಿಲ್ಲ ಎಂಬ ಜಗಳ ಬಂದಾಗಲೆಲ್ಲ ನಾವು ಅಮೆರಿಕದ ಉದಾಹರಣೆ ಕೊಡುತ್ತೇವೆ. ಅಷ್ಟು ದೂರ ಹೋಗಬೇಕಿಲ್ಲ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ದುಡಿದ ಒಬ್ಬ ವಿಜ್ಞಾನಿಯ ವರದಿಯ ಕಥೆ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿದೆ.

ಮಾಧವ ಗಾಡ್ಗೀಳರು ಹುಟ್ಟಿದ್ದು 1942ರಲ್ಲಿ, ಪುಣೆಯಲ್ಲಿ. ತಂದೆ ಧನಂಜಯರಾವ್ ಗಾಡ್ಗೀಳ್ ಅರ್ಥಶಾಸ್ತ್ರಜ್ಞರು, ಇಲ್ಲಿನ ಗೋಖಲೆ ಸಂಸ್ಥೆಯನ್ನು ಕಟ್ಟಿದವರು, ಮುಂದೆ ಯೋಜನಾ ಆಯೋಗದ ಉಪಾಧ್ಯಕ್ಷರಾದವರು. ಮನುಷ್ಯರನ್ನೂ ಅವರ ಆಚಾರಗಳನ್ನೂ ಅಧ್ಯಯನ ಮಾಡುತ್ತಿದ್ದ ಇರಾವತಿ ಕರ್ವೆ ನೆರೆಮನೆಯವರು. ಮಗ ಹಾರ್ವರ್ಡಿಗೆ ಹೋಗಿ ಡಾಕ್ಟರೇಟ್ ಪಡೆದು ಹಿಂತಿರುಗಿದ. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಮೂರು ದಶಕ ಅಲ್ಲೇ. ನಿವೃತ್ತಿಯ ನಂತರ ಮತ್ತೆ ಪುಣೆ.

ಕರ್ನಾಟಕದಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಬಿದಿರಿನದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ರಗಳೆಯೆಲ್ಲ ಅರ್ಥವಾಗುವುದು ಇಲ್ಲಿಂದ. ದಾಂಡೇಲಿಯ ಕಾಗದ ಕಾರ್ಖಾನೆಗೆ 1958ರಲ್ಲಿ ಸರ್ಕಾರ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ! ಬುಟ್ಟಿ ಹೆಣೆಯುವ ಮೇದಾರರು ಮಾತ್ರ ಪೇಟೆಯ ಬೆಲೆ ತೆರಬೇಕು. ಕಾಡಿನಲ್ಲಿ ಬಿದಿರು ಬರಿದಾಗುತ್ತ ಬಂದಾಗ ಅರಣ್ಯ ಇಲಾಖೆ ಬೆರಳು ತೋರಿಸಿದ್ದು ಹಳ್ಳಿಯವರ ಕಡೆಗೆ, ಅವರ ದನಗಳ ಕಡೆಗೆ. ಆಗ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಸಂಡೂರಿನ ಎಂ. ವೈ. ಘೋರ್ಪಡೆ. ವನ್ಯಜೀವಿಗಳ ಫೋಟೋ ತೆಗೆಯುವ ಹವ್ಯಾಸವಿದ್ದ ಮಂತ್ರಿ. 1975ರಲ್ಲಿ ಅವರು ಈ ವಿಷಯ ಪರಿಶೀಲಿಸಿ ಎಂದು ವಿಜ್ಞಾನ ಸಂಸ್ಥೆಯವರನ್ನೇ ಕೇಳಿಕೊಂಡರು.

ಗಾಡ್ಗೀಳರ ತಂಡ ಕಾಡಿನಲ್ಲಿ ಮೆಳೆ ಮೆಳೆ ಎಣಿಸಿ ಕಂಡುಕೊಂಡದ್ದು ವಿಚಿತ್ರವಾಗಿತ್ತು. ಬಿದಿರು ಚೆನ್ನಾಗಿ ಬೆಳೆಯಲಿ ಎಂದು ಇಲಾಖೆಯವರು ಮೆಳೆಯ ಬುಡದ ಮುಳ್ಳನ್ನು ಸವರಿಸುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಕಳಲೆ ಮುಸುವಕ್ಕೂ ಮುಳ್ಳುಹಂದಿಗೂ ದನಕ್ಕೂ ಸುಲಭದ ತುತ್ತಾಯಿತು. ಮುಳ್ಳು ತೆಗೆಯಬೇಡಿ ಎಂಬುದು ಹಳ್ಳಿಯವರಿಗೆ ಮೊದಲಿನಿಂದಲೂ ತಿಳಿದಿತ್ತು, ಅವರನ್ನು ಕೇಳಿದವರಿರಲಿಲ್ಲ. ಈ ವರದಿ ಕಾರ್ಖಾನೆಗಾಗಲೀ ಇಲಾಖೆಗಾಗಲೀ ಹಿತವಾಗಿರಲಿಲ್ಲ. ಆದರೆ ಒಬ್ಬ ಮಂತ್ರಿ ತಾನಾಗಿ ವಿಜ್ಞಾನಿಯನ್ನು ಕರೆದದ್ದು, ವಿಜ್ಞಾನಿ ಹೋಗಿ ರೈತನನ್ನು ಕೇಳಿದ್ದು, ಈ ಎರಡೂ ಒಂದೇ ಕಡೆ ನಡೆದದ್ದು ಅಪರೂಪ.

ಮುಂದೆ ಬೇಡ್ತಿ. ಉತ್ತರ ಕನ್ನಡದಲ್ಲಿ ಬೇಡ್ತಿ ಹೊಳೆಗೆ ವಿದ್ಯುತ್ ಅಣೆಕಟ್ಟು ಬರುತ್ತದೆ ಎಂದಾಗ, 1981ರ ಜನವರಿಯಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನು ಕರೆಸಿ ವಿಚಾರಗೋಷ್ಠಿ ನಡೆಸಿತು. ಎಷ್ಟು ಕರೆಂಟು ಬರುತ್ತದೆ, ಎಷ್ಟು ತೋಟ ಮುಳುಗುತ್ತದೆ, ಕಾಡಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದರು. ಯೋಜನೆ ನಿಂತಿತು. 1989ರಲ್ಲಿ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ ಅದೇ ಜಿಲ್ಲೆಯಿಂದ ಲೋಕಸಭೆಗೆ ನಿಂತರು. ಕೈಗಾ ಅಣುಸ್ಥಾವರ ಆಗ ದೊಡ್ಡ ಪ್ರಶ್ನೆಯಾಗಿತ್ತು. ಸೋತರು. ಗೋಷ್ಠಿಗೆ ಬಂದ ಜನ ಮತ ಹಾಕಲು ಬರಲಿಲ್ಲ ಅನ್ನಿ! ಆದರೂ ಆ ಕಾಲದಲ್ಲಿ ಮಲೆನಾಡಿನ ರೈತನೂ ವಿಜ್ಞಾನಿಯೂ ಒಂದೇ ಚಾಪೆಯ ಮೇಲೆ ಕೂತಿದ್ದರು ಎಂಬುದನ್ನು ನೆನಪಿಡಿ.

ಈಗ 2009ಕ್ಕೆ ಬರೋಣ. ಜೈರಾಮ್ ರಮೇಶ್ ಕೇಂದ್ರದ ಪರಿಸರ ಮಂತ್ರಿ. ಆ ವರ್ಷದ ನವೆಂಬರಿನಲ್ಲಿ ಅವರು ಭೂವಿಜ್ಞಾನಿ ವಿ. ಕೆ. ರೈನಾ ಅವರ ಒಂದು ಪ್ರಬಂಧ ಬಿಡುಗಡೆ ಮಾಡಿದರು. ಹಿಮಾಲಯದ ಹಿಮನದಿಗಳು ಹವಾಮಾನ ಬದಲಾವಣೆಯಿಂದಲೇ ಕರಗುತ್ತಿವೆ ಎಂದು ಖಚಿತವಾಗಿ ಹೇಳಲು ಆಧಾರ ಸಾಲದು ಎಂಬುದು ಅದರ ಸಾರ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಅಧ್ಯಕ್ಷ ರಾಜೇಂದ್ರ ಪಚೌರಿ ಕೆಂಡವಾದರು, ಇದು ಮಾಟಮಂತ್ರದ ವಿಜ್ಞಾನ ಎಂಬಂಥ ಮಾತಾಡಿದರು. ಆದರೆ 2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಮಾಯವಾಗಬಹುದು ಎಂದು ಆ ಸಮಿತಿಯ 2007ರ ವರದಿಯಲ್ಲಿದ್ದ ಮಾತೇ ತಪ್ಪು ಎಂದು 2010ರ ಜನವರಿಯಲ್ಲಿ ಸಮಿತಿ ಒಪ್ಪಿಕೊಳ್ಳಬೇಕಾಯಿತು. ಮಂತ್ರಿಯ ಅನುಮಾನಕ್ಕೆ ಅಷ್ಟರ ಮಟ್ಟಿಗೆ ಆಧಾರವಿತ್ತು. ಹಾಗೆಂದು ಹಿಮ ಕರಗುತ್ತಿಲ್ಲ ಎಂದಾಗಲಿಲ್ಲ. ಆಮೇಲಿನ ಅಳತೆಗಳು ಕರಗುವುದನ್ನು ದೃಢಪಡಿಸಿದವು. ಒಂದು ಇಸವಿ ತಪ್ಪಿದ್ದಕ್ಕೆ ಇಡೀ ಶಾಸ್ತ್ರವನ್ನೇ ಸುಳ್ಳೆನ್ನುವುದು, ಪಂಚಾಂಗದಲ್ಲಿ ಒಂದು ಅಚ್ಚಿನ ದೋಷ ಸಿಕ್ಕಿತೆಂದು ಅಮಾವಾಸ್ಯೆಯೇ ಇಲ್ಲ ಅಂದ ಹಾಗೆ.

ಇದೇ ಮಂತ್ರಿ ಕೆಲವೇ ವಾರಗಳಲ್ಲಿ, 2010ರ ಮಾರ್ಚ್ 4ರಂದು, ಪಶ್ಚಿಮ ಘಟ್ಟದ ಬಗ್ಗೆ ತಜ್ಞರ ಸಮಿತಿ ನೇಮಿಸಿದರು. ಅಧ್ಯಕ್ಷರು ಗಾಡ್ಗೀಳ್. ಸಮಿತಿ ಗುಜರಾತಿನಿಂದ ಕನ್ಯಾಕುಮಾರಿಯ ತನಕ ಘಟ್ಟವನ್ನು ಸುತ್ತಿ 2011ರ ಆಗಸ್ಟ್ 31ಕ್ಕೆ ವರದಿ ಕೊಟ್ಟಿತು. ಇಡೀ ಘಟ್ಟ ಸೂಕ್ಷ್ಮವೇ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಮೂರು ವಲಯ ಮಾಡಿ, ಎಲ್ಲಿ ಏನು ಮಾಡಬಹುದು ಎಂಬುದನ್ನು ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಲಿ ಎಂದಿತು. ಸಕಲೇಶಪುರದ ಕಡೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡ ಎಂದಿತು. ವರದಿಯನ್ನು ಆಯಾ ರಾಜ್ಯದ ಭಾಷೆಗೆ ತರ್ಜುಮೆ ಮಾಡಿ ಹಳ್ಳಿಗಳಿಗೆ ಕಳಿಸಿ ಎಂದೂ ಹೇಳಿತು.

ಅಷ್ಟರಲ್ಲಿ ಮಂತ್ರಿ ಬದಲಾಗಿದ್ದರು. ಜಯಂತಿ ನಟರಾಜನ್ ಬಂದಿದ್ದರು. ವರದಿ ಕಪಾಟು ಸೇರಿತು. ಕೇರಳದವರೊಬ್ಬರು ಮಾಹಿತಿ ಹಕ್ಕಿನಡಿ ಪ್ರತಿ ಕೇಳಿದಾಗ ಸಚಿವಾಲಯ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿಯೂ ಸೋತ ಮೇಲೆ 2012ರ ಮೇ ತಿಂಗಳಲ್ಲಿ ವರದಿ ಹೊರಬಂತು. ಒಂಬತ್ತು ತಿಂಗಳು ಅಡಗಿಸಿಟ್ಟ ಕಾಗದದ ಬಗ್ಗೆ ಗುಲ್ಲು ಹುಟ್ಟದೆ ಇರುತ್ತದೆಯೇ? ಅಡಿಕೆ ತೋಟ ಹೋಗುತ್ತದಂತೆ, ಮನೆ ರಿಪೇರಿಗೂ ದೆಹಲಿಯ ಅಪ್ಪಣೆ ಬೇಕಂತೆ, ಒಕ್ಕಲೆಬ್ಬಿಸುತ್ತಾರಂತೆ. ವರದಿ ಓದದವರೇ ಹೆಚ್ಚು ಮಾತಾಡಿದರು, ಓದಿಸಬೇಕಾದವರು ಸುಮ್ಮನಿದ್ದರು. ಅದೇ ವರ್ಷದ ಜುಲೈನಲ್ಲಿ ಯುನೆಸ್ಕೋ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಹತ್ತು ಕರ್ನಾಟಕದವು. ನಮ್ಮ ರಾಜ್ಯ ಸರ್ಕಾರ ಅದನ್ನೂ ಬೇಡವೆಂದಿತ್ತು.

2012ರ ಆಗಸ್ಟಿನಲ್ಲಿ ಎರಡನೆಯ ಸಮಿತಿ. ಈ ಬಾರಿ ಅಧ್ಯಕ್ಷರು ಇಸ್ರೋದ ಮಾಜಿ ಮುಖ್ಯಸ್ಥ ಕೆ. ಕಸ್ತೂರಿರಂಗನ್. ಅವರೂ ಬೆಂಗಳೂರಿನವರೇ ಆಗಿಹೋದವರು. ವಿಜ್ಞಾನಿಯ ಮಾತಿಗೆ ಇನ್ನೊಬ್ಬ ವಿಜ್ಞಾನಿಯಿಂದ ಉತ್ತರ ಹೇಳಿಸುವುದು ಸರ್ಕಾರಗಳಿಗೆ ಗೊತ್ತಿರುವ ಹಳೆಯ ಪಟ್ಟು. 2013ರ ಏಪ್ರಿಲಿನ ಆ ವರದಿ ಉಪಗ್ರಹದ ಚಿತ್ರ ನೋಡಿ ಘಟ್ಟದ ಶೇಕಡಾ 37 ಭಾಗವನ್ನು ಮಾತ್ರ ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳು ಬೇಡ ಎಂದಿತು. ಬೇಸಾಯ ಬೇಡ ಎನ್ನಲಿಲ್ಲ. ಗಾಡ್ಗೀಳರು ಕಸ್ತೂರಿರಂಗನ್ನರಿಗೆ ಬಹಿರಂಗ ಪತ್ರ ಬರೆದು, ಜನರ ಮಾತಿಗೆ ಇಲ್ಲಿ ಜಾಗವೇ ಇಲ್ಲವಲ್ಲ ಎಂದು ಆಕ್ಷೇಪಿಸಿದರು.

ಅತಿಯಾಯಿತು ಎಂದು ಪಕ್ಕಕ್ಕಿಟ್ಟ ವರದಿಯ ಬದಲಿಗೆ ಬಂದ ಈ ಸೌಮ್ಯ ವರದಿಯನ್ನಾದರೂ ಒಪ್ಪಿದರೇ? ಇಲ್ಲ. ಕೇರಳದ ಇಡುಕ್ಕಿಯಲ್ಲಿ ಗಲಾಟೆ, ನಮ್ಮ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ಬಂದ್, ಪಂಚಾಯ್ತಿಗಳ ವಿರೋಧ. ರೈತರ ಭಯವೆಲ್ಲ ಸುಳ್ಳು ಎಂದು ನಾನು ಹೇಳಲಾರೆ. ಒಂದು ಹಳ್ಳಿಯ ಶೇಕಡಾ 20ರಷ್ಟು ಜಾಗ ಸೂಕ್ಷ್ಮವೆಂದು ಕಂಡರೆ ಇಡೀ ಹಳ್ಳಿಯನ್ನೇ ಪಟ್ಟಿಗೆ ಸೇರಿಸುವ ಕ್ರಮವಿತ್ತು. ಆಕಾಶದಿಂದ ತೆಗೆದ ಚಿತ್ರಕ್ಕೆ ಕಾಫಿ ತೋಟದ ನೆರಳೂ ಕಾಡಿನ ನೆರಳೂ ಒಂದೇ ತರಹ ಕಂಡೀತು ಎಂಬುದು ಬೆಳೆಗಾರರ ದೂರು. ಶಿರಸಿಯಲ್ಲಿ 1981ರಲ್ಲಿ ವಿಜ್ಞಾನಿ ಊರಿಗೆ ಬಂದು ಜಗಲಿಯ ಮೇಲೆ ಕೂತಿದ್ದ. 2013ರಲ್ಲಿ ಬಂದದ್ದು ಹಳ್ಳಿಗಳ ಹೆಸರಿನ ಪಟ್ಟಿ. ನಂಬಿಕೆ ಮುರಿದದ್ದು ಇಲ್ಲಿ ಎಂದು ನನ್ನ ಎಣಿಕೆ. ಮುರಿದ ನಂಬಿಕೆಯನ್ನು ಕೂಡಿಸುವ ಗೋಜಿಗೆ ಹೋಗದೆ ಮತವಾಗಿ ಪರಿವರ್ತಿಸಿಕೊಂಡವರು ಎಲ್ಲ ಪಕ್ಷಗಳಲ್ಲಿಯೂ ಇದ್ದರು. ಕಾಂಗ್ರೆಸ್ ಸರ್ಕಾರ ಬೇಡವೆಂದಿತು, ಬಿಜೆಪಿ ಸರ್ಕಾರವೂ ಬೇಡವೆಂದಿತು. ಬೇರೆ ಯಾವ ವಿಷಯದಲ್ಲೂ ಇಷ್ಟು ಒಮ್ಮತ ಕಂಡಿಲ್ಲ, ನೋಡಿ!

ಮಳೆ ಮಾತ್ರ ಯಾರ ಒಪ್ಪಿಗೆಗೂ ಕಾಯಲಿಲ್ಲ. 2014ರ ಜುಲೈ 30ರ ಬೆಳಿಗ್ಗೆ, ನಮ್ಮ ಪುಣೆ ಜಿಲ್ಲೆಯದೇ ಆಂಬೇಗಾಂವ್ ತಾಲೂಕಿನ ಮಾಳೀಣ ಹಳ್ಳಿಯ ಮೇಲೆ ಗುಡ್ಡ ಕುಸಿಯಿತು. ಹೊರಗಿನ ಜಗತ್ತಿಗೆ ಸುದ್ದಿ ಮುಟ್ಟಿಸಿದವರು ಎಂದಿನಂತೆ ಬಸ್ಸು ತಂದ ಎಸ್‌ಟಿ ಚಾಲಕರು. ಅವರು ನೋಡುವಾಗ ಊರೇ ಇರಲಿಲ್ಲ. ಸತ್ತವರು 151. ಇಳಿಜಾರನ್ನು ಯಂತ್ರ ಹಚ್ಚಿ ಸಮತಟ್ಟು ಮಾಡಿದ್ದೂ ಕಾರಣವೇ ಎಂಬ ಚರ್ಚೆ ನಡೆಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದವು. 2020ರಲ್ಲಿ ತಲಕಾವೇರಿಯ ಗಜಗಿರಿ. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರು. ಅದೇ ತಿಂಗಳ 30ಕ್ಕೆ, ಮಾಳೀಣಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಇನ್ನೂರೈವತ್ತಕ್ಕೂ ಹೆಚ್ಚು ಜೀವ.

ಇದು ದೇವರ ಮುನಿಸೋ, ಮನುಷ್ಯನ ಕೈವಾಡವೋ ಎಂಬ ವಾದ ಪ್ರತಿಸಲವೂ ಏಳುತ್ತದೆ. ಉತ್ತರದ ಒಂದು ಭಾಗ ವಾಕಡದಿಂದ ಅಷ್ಟೇನೂ ದೂರವಿಲ್ಲದ ಪಾಷಾಣದಲ್ಲಿದೆ. ಅಲ್ಲಿನ ಉಷ್ಣವಲಯದ ಹವಾಮಾನ ಸಂಸ್ಥೆ 1962ರಲ್ಲಿ ಶುರುವಾದದ್ದು. ಪುಣೆಗೂ ಮಳೆಯ ಲೆಕ್ಕಕ್ಕೂ ನಂಟು ಅದಕ್ಕಿಂತ ಹಳೆಯದು. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಶಿವಾಜಿನಗರಕ್ಕೆ ಬಂದದ್ದರಿಂದ ಆ ಕಟ್ಟಡವನ್ನು ಊರವರು ಇವತ್ತಿಗೂ ಸಿಮ್ಲಾ ಆಫೀಸ್ ಅನ್ನುತ್ತಾರೆ. ಪಾಷಾಣದ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಸುರಿಯುವ ಅತಿಭಾರೀ ಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಅರಬ್ಬೀ ಸಮುದ್ರ ಬಿಸಿಯಾಗಿ, ಅಲ್ಲಿಂದ ಬರುವ ತೇವಾಂಶ ಒಮ್ಮೆಲೇ ನುಗ್ಗುತ್ತಿದೆ. ವಯನಾಡಿನ ಆ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇಕಡಾ 10ರಷ್ಟು ಜೋರಾಗಿತ್ತು ಎಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತು. ಹತ್ತು ಎಂದರೆ ಕಡಿಮೆ ಅನ್ನಿಸೀತು. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದಂತೆ ಅದು. ಗುಡ್ಡದ ಬುಡ ಕಡಿದು ರಸ್ತೆಯನ್ನೋ ರೆಸಾರ್ಟನ್ನೋ ಮಾಡಿದ್ದರೆ ಕೊಡವೇ ಒಡೆದಿರುತ್ತದೆ. ಅಂದರೆ ಆಕಾಶದ ತಪ್ಪು, ನೆಲದ ತಪ್ಪು ಎಂದು ಬೇರೆ ಮಾಡಿ ಒಂದನ್ನೇ ದೂರುವುದಕ್ಕೆ ಬರುವುದಿಲ್ಲ. ಆಕಾಶದ ಮೇಲೆ ಬೆಂಗಳೂರಿನ ವಿಧಾನಸೌಧಕ್ಕೆ ಹತೋಟಿಯಿಲ್ಲ, ನಿಜ. ನೆಲದ ಮೇಲೆ ಇತ್ತಲ್ಲ?

ಕೇಂದ್ರ ಸರ್ಕಾರ 2014ರ ಮಾರ್ಚಿನಲ್ಲಿ ಮೊದಲ ಕರಡು ಅಧಿಸೂಚನೆ ಹೊರಡಿಸಿತು. ಅವಧಿ ಮುಗಿಯಿತು. 2015, 2017, 2018, 2022ರಲ್ಲಿ ಮತ್ತೆ ಮತ್ತೆ ಹೊರಡಿಸಿತು. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಹೆಣಗಳನ್ನು ಇನ್ನೂ ಹುಡುಕುತ್ತಿದ್ದಾಗ. ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಅದರಲ್ಲಿದೆ. ಹೆಚ್ಚಿನ ಪಾಲು, 20,668 ಚದರ ಕಿಲೋಮೀಟರ್, ಕರ್ನಾಟಕದ್ದು; ನಂತರ 17,340 ಮಹಾರಾಷ್ಟ್ರದ್ದು. ಆಕ್ಷೇಪಣೆ ಸಲ್ಲಿಸಲು 60 ದಿನ ಕೊಟ್ಟಿದ್ದರು. ಆ ಗಡುವು ಮುಗಿಯುವ ಮುನ್ನ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟ ಸಭೆ ಸೇರಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಶಿರೂರಿನಲ್ಲಿ ಮಣ್ಣಿನೊಂದಿಗೆ ಗಂಗಾವಳಿ ಹೊಳೆಗೆ ಬಿದ್ದಿದ್ದ ಲಾರಿ, ಅದರ ಚಾಲಕನ ದೇಹದ ಸಮೇತ, ಮೇಲೆ ಬಂದದ್ದು ಅದರ ಹಿಂದಿನ ದಿನ.