ಒಂದು ಹೊತ್ತಿಗೆ ಆಗುವಷ್ಟು

ಶಿವಮೊಗ್ಗದ ಹೊಸಮನೆಯಲ್ಲಿ ಬೆಳಿಗ್ಗೆ ತರಕಾರಿ ಗಾಡಿ ಬಂದು ನಿಂತರೆ ತಕ್ಕಡಿಗಿಂತ ಮೊದಲು ಮಾತಿನ ಅಳತೆ ಶುರುವಾಗುತ್ತದೆ. ‘ಒಂದು ಹೊತ್ತಿನ ಸಾರಿಗೆ ಆಗೋಷ್ಟು ನುಗ್ಗೆಕಾಯಿ ಕೊಡಣ್ಣ.’ ಅವನು ಕೇಳುವ ಮರುಪ್ರಶ್ನೆಯಲ್ಲೂ ತೂಕದ ಸುದ್ದಿಯಿಲ್ಲ: ‘ಮನೇಲಿ ಎಷ್ಟು ಜನ ಇದೀರಕ್ಕ?’ ಪಾವು, ಸೇರುಗಳನ್ನು 1962ರ ಹೊತ್ತಿಗೆ ಸರ್ಕಾರ ಅಂಗಡಿಗಳಿಂದ ಕೆಳಗಿಳಿಸಿ ಕಿಲೋ, ಲೀಟರುಗಳನ್ನು ಕೂರಿಸಿತು. ‘ಅಷ್ಟು’ ಎಂಬ ಅಳತೆಯನ್ನು ಯಾವ ಕಾಯ್ದೆಯೂ ಮುಟ್ಟಲಿಲ್ಲ.

ಹಳಗನ್ನಡದ ಅನಿತು, ಇನಿತು, ಎನಿತುಗಳ ಕೆಲಸವನ್ನು ಇಂದು ಅಷ್ಟು, ಇಷ್ಟು, ಎಷ್ಟುಗಳು ಮಾಡುತ್ತಿವೆ. ಬರೀ ‘ಅಷ್ಟು’ ಎಂದರೆ ಕೈಯಾಡಿಸಿ ತೋರಿಸಬೇಕು. ಅದರ ಹಿಂದೆ ಒಂದು ಕ್ರಿಯಾಪದ ಬಂದರೆ ಸಾಕು, ಕೈಗೆ ಕೆಲಸವಿಲ್ಲ. ಅಕ್ಕಿ ಮುಳುಗುವಷ್ಟು ನೀರು. ಕಿವಿ ಕಿವುಡಾಗುವಷ್ಟು ಸದ್ದು. ಬಸ್ಸು ಹಿಡಿಯುವಷ್ಟು ಸಮಯ. ಇಲ್ಲಿ ಕೆಲಸವೇ ಅಳತೆಯ ಪಾತ್ರೆ.

ಹಿಂದಿನ ಕ್ರಿಯಾಪದದ ರೂಪ ಬದಲಾದರೆ ಅಳತೆಯ ಜಾತಿಯೇ ಬದಲಾಗುತ್ತದೆ. ನನಗೆ ಈ ಪದದಲ್ಲಿ ತುಂಬ ಇಷ್ಟವಾಗುವುದು ಇದೇ. ‘ತಿನ್ನುವಷ್ಟು’ ಎಂದರೆ ಅಗತ್ಯಕ್ಕೆ ಸಾಲುವ ಪ್ರಮಾಣ. ‘ತಿಂದಷ್ಟು’ ಎಂದರೆ ಆಗಿಹೋದದ್ದರ ಎಲ್ಲೆ; ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ನಿಂತಿರುವುದು ಈ ಎಲ್ಲೆಯ ಮೇಲೆ. ಅದಕ್ಕೊಂದು ದೀರ್ಘ ಎಳೆದು ‘ಅಗೆದಷ್ಟೂ ಆಳ’ ಎಂದರೆ ಎಲ್ಲೆ ಕಿತ್ತುಹೋಗಿ ಒಂದರ ಜೊತೆ ಇನ್ನೊಂದು ಬೆಳೆಯತೊಡಗುತ್ತದೆ. ‘ತಿನ್ನಲಾರದಷ್ಟು’ ಎಂದಾಗ ಮಿತಿ ಮೀರಿದೆ.

ಈ ಕೊನೆಯ ರೂಪದ ಹತ್ತಿರವೇ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು. ‘ಟೂ ಹೆವಿ ಟು ಲಿಫ್ಟ್’ ಎಂಬಲ್ಲಿ ‘ಇಲ್ಲ’ ಎನ್ನುವ ಪದ ಎಲ್ಲೂ ಕಾಣುವುದಿಲ್ಲ, ಅರ್ಥದಲ್ಲಿ ಮಾತ್ರ ಅಡಗಿ ಕೂತಿದೆ. ಮಗು ಪದಕ್ಕೆ ಪದ ಇಟ್ಟು ‘ಎತ್ತಲು ತುಂಬಾ ಭಾರ’ ಎನ್ನುತ್ತದೆ. ಎತ್ತಿದರೋ ಬಿಟ್ಟರೋ ತಿಳಿಯುವುದಿಲ್ಲ. ಹೀಗಾಗಿಯೇ ‘ವೆರಿ’ಗೂ ‘ಟೂ’ಗೂ ವ್ಯತ್ಯಾಸ ತಲೆಗೆ ಹತ್ತುವುದಿಲ್ಲ. ಪಾಠವನ್ನು ‘ಎತ್ತಲಾರದಷ್ಟು ಭಾರ’, ‘ಎತ್ತುವಷ್ಟು ಶಕ್ತಿ’ ಎಂಬ ಜೋಡಿಯಿಂದ ಆರಂಭಿಸಿದರೆ ‘ಟೂ’, ‘ಎನಫ್’ ಎರಡೂ ಒಟ್ಟಿಗೆ ಕೈವಶವಾಗುತ್ತವೆ. ‘ಮಚ್’, ‘ಮೆನಿ’ಗಳನ್ನು ಮಾತ್ರ ಬೇರೆಯಾಗಿಯೇ ಕಲಿಸಬೇಕು, ಏಕೆಂದರೆ ನಮಗೆ ಅಷ್ಟು ನೀರೂ ಸರಿ, ಅಷ್ಟು ಜನವೂ ಸರಿ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿಗೆ ತುರುಕಬಾರದೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಇಂಗ್ಲಿಷ್ ಕಲಿಸುವವರಿಗೂ ಆ ಎಚ್ಚರ ಬೇಕು: ಮಗುವಿನ ಬಾಯಲ್ಲಿ ಆಗಲೇ ಇರುವ ವ್ಯಾಕರಣವನ್ನು ಮೊದಲು ಗುರುತಿಸಬೇಕು.

ನನ್ನ ನಿಜವಾದ ಸಂಕಟ ‘ಸಾಕಷ್ಟು’ ಎಂಬ ಪದದ್ದು. ಹಳಗನ್ನಡದ ‘ಸಾಲ್ಕುಂ’ ಸವೆದು ‘ಸಾಕು’ ಆಯಿತು, ‘ಬೇೞ್ಕುಂ’ ಸವೆದು ‘ಬೇಕು’ ಆದ ಹಾಗೆ. ಸಾಲುತ್ತದೆ, ಸಾಲದು ಎಂಬವು ಅದರ ಒಡಹುಟ್ಟುಗಳು. ಸಾಕು ಎನ್ನಿಸುವ ಪ್ರಮಾಣವೇ ಸಾಕಷ್ಟು. ಈಗ ಅದು ‘ತುಂಬಾ’, ‘ಹಲವು’ ಎಂಬವುಗಳ ಜಾಗದಲ್ಲೆಲ್ಲ ಬಂದು ಕೂರುತ್ತಿದೆ. ಅಪಘಾತದಲ್ಲಿ ಸಾಕಷ್ಟು ಮಂದಿ ಗಾಯಗೊಂಡರಂತೆ. ಮಳೆಯಿಂದ ಸಾಕಷ್ಟು ಮನೆಗಳು ಕುಸಿದವಂತೆ. ಯಾರಿಗೆ ಸಾಕಷ್ಟು? ಗಾಯಗೊಂಡವರ ಮನೆಯವರು ಈ ವಾಕ್ಯ ಓದುವುದನ್ನು ನೆನೆದರೆ ಮನಸ್ಸು ಮುದುಡುತ್ತದೆ.

ಪದಗಳ ಅರ್ಥ ಬದಲಾಗುತ್ತದೆ, ಅದನ್ನು ತಡೆಯಲು ಬರುವುದಿಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಇಲ್ಲಿ ಹಳೆಯ ಅರ್ಥ ಇನ್ನೂ ಸತ್ತಿಲ್ಲ. ಬಡಿಸುವವರು ಸೌಟು ಎತ್ತಿದಾಗ ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದೇ ಹೇಳುತ್ತೇವೆ. ಅದು ಜೀವಂತ ಇರುವವರೆಗೆ ಗಾಯಾಳುಗಳನ್ನು ‘ಹಲವರು’ ಎಂದೂ ಕುಸಿದ ಮನೆಗಳನ್ನು ‘ಎಷ್ಟೋ’ ಎಂದೂ ಬರೆಯಬಹುದು. ಕುಡಿಯುವ ನೀರು ‘ಸಾಕಷ್ಟಿದೆ’ ಎಂದು ಸುದ್ದಿ ಬಂದರೆ, ಊರಿಗೆ ಸಾಲುವಷ್ಟು ಇದೆ ಎಂದು ನಂಬುವಂತಿರಬೇಕು.